ಬಯಾಲಜಿ ಇಷ್ಟ ಅಂದ್ರೆ ಡಾಕ್ಟರೇ ಆಗಬೇಕಾ?

ಪಿಯು ಪರೀಕ್ಷೆ, ಸಿಇಟಿ, ನೀಟ್ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೂ ಬದಲಾಗುತ್ತದೆ. ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳು ಹೆಚ್ಚೂಕಡಿಮೆ ಒಂದೇ ಗೊಂದಲದ ಸುತ್ತ ಇದ್ದವು. ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮಗಳು ಮೊದಲ ಪಿಯು, ಪಿಸಿಎಂಬಿ ಓದುತ್ತಿದ್ದಾಳೆ. ಹಿತ್ತಲಲ್ಲಿ ಇರುವೆ ಸಾಲು ನೋಡುತ್ತಾ ಕೂತರೆ ಊಟದ ನೆನಪೂ ಇರುವುದಿಲ್ಲ. ಕೇಳಿದರೆ ‘ಸೈಂಟಿಸ್ಟ್ ಆಗ್ತೀನಿ’ ಅನ್ನುತ್ತಾಳೆ. ಅವಳ ಕ್ಲಾಸಿನ ಜಾಣ ಮಕ್ಕಳೆಲ್ಲ ನೀಟ್ ಕೋಚಿಂಗಿಗೆ ಸೇರಿದ್ದಾರೆ. ನೆಂಟರು ನಮ್ಮನ್ನೇ ಬೈಯುತ್ತಿದ್ದಾರೆ. ವಿಜ್ಞಾನ ಚೆನ್ನಾಗಿ ಬರುವ ಮಕ್ಕಳೆಲ್ಲ ಡಾಕ್ಟರಾಗುವುದಕ್ಕೇ ಯಾಕೆ ಹೋಗುತ್ತಾರೆ?
— ಒಬ್ಬ ತಾಯಿ, ಮಂಡ್ಯ

ಉತ್ತರ: ‘ದುಡ್ಡಿಗೋಸ್ಕರ’ ಎಂದು ಹೇಳಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದು ಅರ್ಧ ಮಾತ್ರ ನಿಜ. ಜರಡಿ ಯಾವ ಹಂತದಲ್ಲಿದೆ ಎಂಬುದನ್ನು ನೋಡಿದರೆ ಉಳಿದರ್ಧ ತಿಳಿಯುತ್ತದೆ.

ವೈದ್ಯಕೀಯದಲ್ಲಿ ಜರಡಿ ಬಾಗಿಲಲ್ಲೇ ಇದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಆಸುಪಾಸು. ಕ್ರೂರವಾದ ಜರಡಿ, ಆದರೆ ಹದಿನೆಂಟು ಹತ್ತೊಂಬತ್ತನೇ ವಯಸ್ಸಿಗೆ ಮುಗಿದುಹೋಗುತ್ತದೆ. ಒಳಗೆ ಹೋದವರಲ್ಲಿ ಡಿಗ್ರಿ ಸಿಗದೆ ಹೊರಬರುವವರು ಕಡಿಮೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ. ಅಲ್ಲಿಂದಾಚೆಗೆ ಯಾರೂ ಕೆಲಸ ಕೊಡದಿದ್ದರೂ ಊರಲ್ಲಿ ಬೋರ್ಡು ಹಾಕಿಕೊಂಡು ಬದುಕಬಹುದು.

ಸಂಶೋಧನೆಯಲ್ಲಿ ಇದು ತಿರುವುಮುರುವು. ಬಿ.ಎಸ್ಸಿ. ಸೀಟಿಗೆ ಅಷ್ಟೇನೂ ನೂಕುನುಗ್ಗಲಿಲ್ಲ. ಜರಡಿಗಳಿರುವುದು ಮೆಟ್ಟಿಲು ಮೆಟ್ಟಿಲಲ್ಲಿ: ಎಂ.ಎಸ್ಸಿ. ಪ್ರವೇಶ, ನೆಟ್ ಎಂಬ ಅರ್ಹತಾ ಪರೀಕ್ಷೆ, ಒಳ್ಳೆಯ ಗೈಡ್, ಫೆಲೋಶಿಪ್, ಪ್ರಬಂಧ ಪ್ರಕಟಣೆ, ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ). ಕೊನೆಗೆ ಹುದ್ದೆಗೆ ಅರ್ಜಿ ಕರೆಯುವುದನ್ನೇ ಕಾಯುತ್ತಾ ಕೂರುವುದು. ಇಪ್ಪತ್ತಮೂರಕ್ಕೆ ಎಂ.ಎಸ್ಸಿ., ಇಪ್ಪತ್ತೊಂಬತ್ತರ ಹೊತ್ತಿಗೆ ಪಿಎಚ್.ಡಿ., ಪೋಸ್ಟ್‌ಡಾಕ್ ಮುಗಿಯುವಾಗ ಮೂವತ್ತೆರಡೋ ಮೂವತ್ಮೂರೋ ಆಗಿರುತ್ತದೆ. ಅಷ್ಟೂ ವರ್ಷ ಮದುವೆ ಮನೆಯಲ್ಲಿ ‘ಇನ್ನೂ ಓದ್ತಾನೇ ಇದ್ದೀಯಾ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಎರಡೆಕರೆ ನಂಬಿಕೊಂಡಿರುವ ಮನೆ ಮಗುವಿನ ಕೋಚಿಂಗಿಗೆ ಎರಡು ವರ್ಷ ಪಣ ಒಡ್ಡೀತು, ಹದಿನೈದು ವರ್ಷ ಒಡ್ಡಲಾರದು. ನೀಟ್ ಕಡೆ ಹೋಗುವ ಮಕ್ಕಳನ್ನು ವಿಜ್ಞಾನದ ಮೇಲೆ ಪ್ರೀತಿ ಇಲ್ಲದವರು ಎಂದು ಹಳಿಯುವುದು ಅನ್ಯಾಯ. ಅವರೂ ಅವರ ಮನೆಯವರೂ ಲೆಕ್ಕ ಹಾಕಿದ್ದಾರೆ, ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇದೆ.

ಆ ಲೆಕ್ಕದಲ್ಲಿ ಒಂದು ಸಾಲು ಮಾತ್ರ ಬಿಟ್ಟುಹೋಗಿರುತ್ತದೆ. ಬರೀ ಎಂಬಿಬಿಎಸ್ ಸಾಕು ಎನ್ನುವ ಕಾಲ ಹೋಯಿತು. ಪಿಜಿ ಸೀಟುಗಳು ಎಂಬಿಬಿಎಸ್ ಸೀಟಿಗಿಂತ ಕಡಿಮೆ, ಅಲ್ಲೂ ಬೇಡಿಕೆ ಇರುವ ವಿಭಾಗಗಳು ಕೆಲವೇ. ತಯಾರಿಗೆ ಒಂದೆರಡು ವರ್ಷ, ಎಂಡಿ ಅಥವಾ ಎಂಎಸ್ ಮೂರು ವರ್ಷ, ಹೃದಯ, ನರದಂಥ ಸೂಪರ್ ಸ್ಪೆಷಾಲಿಟಿ ಬೇಕೆಂದರೆ ಇನ್ನೂ ಮೂರು. ಅಲ್ಲಿಗೂ ಮೂವತ್ತು ದಾಟುತ್ತದೆ. ‘ಡಾಕ್ಟರಾದರೆ ಬೇಗ ಸೆಟ್ಲ್’ ಎಂಬ ಮಾತು ಹಳೇ ಪಂಚಾಂಗ.

ಕಣ್ಣಿಗೆ ಬೀಳುವ, ಬೀಳದಿರುವ ಪ್ರಶ್ನೆಯೂ ಇದೆ. ಹೋಬಳಿಗೊಬ್ಬ ಡಾಕ್ಟರನ್ನು ಮಕ್ಕಳು ನೋಡಿಯೇ ಬೆಳೆಯುತ್ತಾರೆ, ವಿಜ್ಞಾನಿಯನ್ನು ನೋಡಿರುವುದಿಲ್ಲ. ನಮ್ಮ ಸೀಮೆಯಲ್ಲಿ ವಿಜ್ಞಾನಿಗಳಿಗೇನೂ ಬರವಿಲ್ಲ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಹೊರಟಿದ್ದು ಅಲ್ಲಿಂದ. ಸಿದ್ದಾರ್ಥನಗರದಲ್ಲಿ ಸೈನಿಕರ ಊಟದ ಮೇಲಿನ ಸಂಶೋಧನೆಗೆ ಹೆಸರಾದ, ಡಿಎಫ್‌ಆರ್‌ಎಲ್ ಎಂದು ಕರೆಯುತ್ತಿದ್ದ ರಕ್ಷಣಾ ಪ್ರಯೋಗಾಲಯ ಇದೆ (ಈಗಿನ ಹೆಸರು ಡಿಐಬಿಟಿ). ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣುನೊಣಗಳ ತಳಿ ಭಂಡಾರವೇ ಇದೆ. ಅದೇ ಆವರಣದ ಭೌತಶಾಸ್ತ್ರ ವಿಭಾಗವನ್ನು 1961ರಿಂದ ಹತ್ತು ವರ್ಷ ಮುನ್ನಡೆಸಿದ ಎಸ್. ಚಂದ್ರಶೇಖರ್, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟರು (1977). ಮೈಸೂರಿನ ಮಕ್ಕಳು ಈ ಗೇಟುಗಳ ಮುಂದೆ ಬಸ್ಸಿನಲ್ಲಿ ಓಡಾಡುತ್ತಾರೆ, ಒಳಗೆ ಏನಾಗುತ್ತಿದೆ ಎಂದು ಅವರಿಗೆ ಹೇಳುವವರಿಲ್ಲ.

ನಿಮ್ಮ ಮಗಳ ವಿಷಯ. ಈಗಲೇ ಯಾವುದನ್ನೂ ತೀರ್ಮಾನಿಸಬೇಡಿ. ಒಂದು ತಪ್ಪು ಮಾತ್ರ ಆಗದಿರಲಿ: ನೀಟ್‌ಗೆ ಬೇಡ ಎಂದು ಗಣಿತವನ್ನು ಮೂಲೆಗೆ ತಳ್ಳುವುದು. ಇರುವೆ ನೋಡುವಾಗ ಒಂದು ನೋಟ್‌ಬುಕ್ ಜೊತೆಗಿರಲಿ. ದಿನಾಂಕ, ಗಂಟೆ, ಬಿಸಿಲೋ ಮೋಡವೋ, ನಿಮಿಷಕ್ಕೆ ಎಷ್ಟು ಇರುವೆ ಒಂದು ಗುರುತನ್ನು ದಾಟಿದವು, ಇಷ್ಟು ಬರೆದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ರಾಘವೇಂದ್ರ ಗದಗ್ಕರ್ ಅವರು ನಮ್ಮ ಸೂರಿನಡಿ ಗೂಡು ಕಟ್ಟುವ ಕಣಜದ ಒಂದೇ ಜಾತಿಯನ್ನು ದಶಕಗಳ ಕಾಲ ನೋಡಿ ಹೆಸರಾದವರು. ನೆಂಟರಿಗೆ ಇದನ್ನು ಹೇಳಿ.

ಪ್ರಶ್ನೆ: ಎರಡನೇ ಪಿಯುನಲ್ಲಿದ್ದೇನೆ. ನೀಟ್‌ಗೆ ಓದುತ್ತಿದ್ದೇನೆ, ಆದರೆ ಐಸರ್ ಬಗ್ಗೆಯೂ ಆಸೆ ಇದೆ. ಎರಡನ್ನೂ ಬರೆಯಬಹುದಾ? ನೀಟ್ ತಯಾರಿಯೇ ಅದಕ್ಕೂ ಸಾಕು ಅನ್ನುತ್ತಾರೆ, ನಿಜವಾ?
— ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಬರೆಯಬಹುದು. ‘ಸಾಕು’ ಎಂಬ ಮಾತು ಮಾತ್ರ ನಂಬಬೇಡಿ.

ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಅದರಲ್ಲಿ ಅರ್ಧ, ಅಂದರೆ 90, ಜೀವಶಾಸ್ತ್ರ; ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲು ಬಾಯಿಗೆ ಬಂದಿದ್ದರೆ ಅಲ್ಲಿ ಅಂಕ ಕೈಯಲ್ಲಿದ್ದಂತೆ. ಮೂಲ ವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿಯಲ್ಲಿ ಅದೇ ಮೂರು ಗಂಟೆಗೆ 60 ಪ್ರಶ್ನೆ: ಭೌತ, ರಸಾಯನ, ಗಣಿತ, ಜೀವಶಾಸ್ತ್ರ ತಲಾ 15. ಸರಿಗೆ 4, ತಪ್ಪಿಗೆ ಒಂದು ಕಳೆತ, ಒಟ್ಟು 240. ಒಂದರಲ್ಲಿ ಪ್ರಶ್ನೆಗೆ ಒಂದು ನಿಮಿಷ, ಇನ್ನೊಂದರಲ್ಲಿ ಮೂರು. ಎರಡೂ ಪರೀಕ್ಷೆಯ ವ್ಯತ್ಯಾಸವೆಲ್ಲ ಈ ಲೆಕ್ಕದಲ್ಲೇ ಇದೆ. ನೀಟ್ ನಿಮ್ಮನ್ನು ನೋಡಿದ ತಕ್ಷಣ ಗುರುತಿಸಲು ಪಳಗಿಸುತ್ತದೆ. ಐಎಟಿಯಲ್ಲಿ ಹಿಂದೆ ನೋಡಿರದ ಗ್ರಾಫು, ಕೋಷ್ಟಕ ಕೊಟ್ಟು ‘ಇದರಿಂದ ಏನು ಹೇಳಬಹುದು, ಏನು ಹೇಳಲಾಗದು’ ಎಂಬಂಥದ್ದನ್ನೂ ಕೇಳುತ್ತಾರೆ. ನೀಟ್ ವೇಗದಲ್ಲಿ ನುಗ್ಗುವವರು ಅಲ್ಲಿ ಎಡವುತ್ತಾರೆ.

ಸೋಲುವ ಜಾಗಗಳು ಬಹುಮಟ್ಟಿಗೆ ಇವೇ. ಗಣಿತದ 60 ಅಂಕವನ್ನು ಸಾರಾಸಗಟಾಗಿ ಬಿಟ್ಟುಬಿಡುವುದು ಮೊದಲನೆಯದು. ವಾರಕ್ಕೆ ನಾಲ್ಕು ಗಂಟೆ ಕೊಟ್ಟು ಸಂಭವನೀಯತೆ, ಕ್ರಮಯೋಜನೆ, ಮ್ಯಾಟ್ರಿಕ್ಸ್, ಸದಿಶ (ವೆಕ್ಟರ್), ಸರಳ ಕಲನಶಾಸ್ತ್ರ ಇಷ್ಟನ್ನಾದರೂ ಗಟ್ಟಿ ಮಾಡಿಕೊಂಡರೆ 15ರಲ್ಲಿ ಆರೇಳು ಪ್ರಶ್ನೆ ಹಿಡಿಯಲು ಪ್ರಯತ್ನಿಸಬಹುದು. ಹೇಗೂ ಬೋರ್ಡ್ ಪರೀಕ್ಷೆಗೆ ಇದೇ ಪಾಠಗಳನ್ನು ಓದಲೇಬೇಕು.

ಎರಡನೆಯದು ಅರ್ಜಿಯ ಕಡೇ ದಿನ. ನೀಟ್ ಸಾಮಾನ್ಯವಾಗಿ ಮೇ ಮೊದಲ ಭಾನುವಾರದ ಸುಮಾರಿಗೆ, ಐಎಟಿ ಅದಾದ ಕೆಲವು ವಾರಕ್ಕೆ. ಆದರೆ ಐಎಟಿ ಅರ್ಜಿ ತೆರೆಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ‘ನೀಟ್ ಮುಗಿಯಲಿ, ಆಮೇಲೆ ನೋಡೋಣ’ ಎಂದು ಕೂತವರಿಗೆ ಬಾಗಿಲು ಮುಚ್ಚಿರುತ್ತದೆ. ಮೂರನೆಯದು ಭಾಷೆ: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಐಎಟಿ ಸಿಗುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಹಳೇ ಪ್ರಶ್ನೆಪತ್ರಿಕೆ ಹತ್ತನ್ನಾದರೂ ಇಂಗ್ಲಿಷಿನಲ್ಲೇ ಬಿಡಿಸಿ ನೋಡಬೇಕು. ಐಎಟಿ ಓಎಂಆರ್ ಹಾಳೆಯಲ್ಲ, ಕಂಪ್ಯೂಟರ್ ಪರೀಕ್ಷೆ ಎಂಬುದೂ ನೆನಪಿರಲಿ.

ಏಳು ಐಸರ್‌ಗಳಲ್ಲಿ ಕರ್ನಾಟಕದಲ್ಲಿ ಒಂದೂ ಇಲ್ಲ; ನಮಗೆ ಹತ್ತಿರ ತಿರುಪತಿ, ತಿರುವನಂತಪುರ, ಪುಣೆ. ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಕೋರ್ಸಿಗೂ ಐಎಟಿ ಅಂಕ ನಡೆಯುತ್ತದೆ, ಆದರೆ ಅಲ್ಲಿಗೆ ಪಿಯುನಲ್ಲಿ ಗಣಿತ ಓದಿರಲೇಬೇಕು. ಬೋರ್ಡ್‌ನಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಸೇರಿದವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 80,000, ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ಎಂಬಿಬಿಎಸ್, ಎಂಜಿನಿಯರಿಂಗ್ ಸೇರಿದರೆ ಇದು ಇಲ್ಲ. ಹಿರಿಯರು ಹೇಳುವ ಕೆವಿಪಿವೈ ಪರೀಕ್ಷೆ ನಿಂತುಹೋಗಿದೆ, ಅದನ್ನು ಹುಡುಕುತ್ತಾ ಕೂರಬೇಡಿ.

ಪ್ರಶ್ನೆ: ಸಾರ್, ನಾವು ಕಬ್ಬು, ರಾಗಿ ಬೆಳೆಯೋರು. ಮಗ ಪಿಎಚ್.ಡಿ. ಮಾಡ್ತೀನಿ ಅಂತಾನೆ. ಡಾಕ್ಟರು ಓದಿದ್ರೆ ಸಾಲ ಮಾಡಾದ್ರೂ ಓದಿಸಬೋದಿತ್ತು. ಇದರಲ್ಲಿ ಹೊಟ್ಟೆಗೆ ಹಿಟ್ಟು ಹುಟ್ಟುತ್ತಾ ಇಲ್ಲ ಬರೀ ಜುಟ್ಟಿಗೆ ಮಲ್ಲಿಗೆ ಹೂವಾ?
— ರೈತರು, ಮದ್ದೂರು ತಾಲ್ಲೂಕು

ಉತ್ತರ: ಹುಟ್ಟುತ್ತದೆ ಯಜಮಾನರೇ, ನಿಧಾನವಾಗಿ. ಲೆಕ್ಕ ಬಿಡಿಸಿ ಹೇಳುತ್ತೇವೆ.

ಮೊದಲು ಖರ್ಚು. ಸರ್ಕಾರಿ ಕಾಲೇಜಿನ ಎಂಬಿಬಿಎಸ್ ಸೀಟಿಗೆ ವರ್ಷಕ್ಕೆ 60 ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾ ಎಂದರೆ ಹತ್ತು ಲಕ್ಷ ದಾಟುತ್ತದೆ. ನೀವು ಮಾಡಲು ಸಿದ್ಧವಿದ್ದ ಸಾಲ ಈ ಮೂರರಲ್ಲಿ ಯಾವುದಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪಿಎಚ್.ಡಿ.ಗೆ ಸಾಲ ಮಾಡಬೇಕಾಗಿಲ್ಲ, ಮಾಡಲೂಬಾರದು. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಅದೂ ಸಂಬಳವಲ್ಲ, ಓದುವಾಗಲೇ ಸಿಗುವ ಹಣ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾದರೆ ಮೂಲವೇತನ 57,700ರಿಂದ ಶುರು. ಐಸರ್, ಐಐಎಸ್‌ಸಿಯಂಥ ಕಡೆ 1,01,500. ತುಟ್ಟಿಭತ್ಯೆ ಇತ್ಯಾದಿ ಮೇಲೆ.

ತೊಂದರೆ ಬೇರೆ ಕಡೆ ಇದೆ. ಫೆಲೋಶಿಪ್ ಹಣ ತಿಂಗಳು ತಿಂಗಳು ಬರುತ್ತದೆಂದು ನಂಬಿಕೊಂಡರೆ ಕಷ್ಟ, ಮೂರು ನಾಲ್ಕು ತಿಂಗಳು ತಡವಾಗುವುದು ಹೊಸದೇನಲ್ಲ. ಸೇರುವಾಗಲೇ ಆರು ತಿಂಗಳ ಖರ್ಚಿನಷ್ಟು ಬ್ಯಾಂಕಿನಲ್ಲಿರಲಿ. ಐದು ವರ್ಷದಲ್ಲಿ ಫೆಲೋಶಿಪ್ ನಿಲ್ಲುತ್ತದೆ, ಕೆಲಸ ಆರನೇ ವರ್ಷಕ್ಕೆ ಎಳೆಯಬಹುದು. ಫೆಲೋಶಿಪ್ ಇಲ್ಲದೆ ಕೈಯಿಂದ ಫೀಸು ಕಟ್ಟಿ ಪಿಎಚ್.ಡಿ.ಗೆ ಸೇರುತ್ತೇನೆ ಅಂದರೆ ಖಂಡಿತ ಬೇಡ ಎನ್ನಿ. ಎಂ.ಎಸ್ಸಿ. ಮುಗಿಸಿ ‘ಸದ್ಯಕ್ಕೆ’ ಎಂದು ಅತಿಥಿ ಉಪನ್ಯಾಸಕನಾಗಿ ಸೇರಿ, ಆ ಸದ್ಯವೇ ಹತ್ತು ವರ್ಷವಾದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಗೈಡನ್ನು ಆರಿಸುವುದು ಎಲ್ಲಕ್ಕಿಂತ ಮುಖ್ಯ. ಹೆಣ್ಣು ನೋಡಲು ಹೋದಾಗ ವಿಚಾರಿಸುವ ಹಾಗೆ ವಿಚಾರಿಸಲಿ: ಅವರ ಕೈಕೆಳಗೆ ಕೊನೆಯ ಐದು ಮಂದಿಗೆ ಎಷ್ಟು ವರ್ಷ ಹಿಡಿಯಿತು, ಈಗ ಎಲ್ಲಿದ್ದಾರೆ, ನಡುವೆ ಬಿಟ್ಟುಹೋದವರು ಎಷ್ಟು? ಇದನ್ನು ಗೈಡನ್ನು ಕೇಳಿದರೆ ಪ್ರಯೋಜನವಿಲ್ಲ, ಲ್ಯಾಬಿನ ಹಳೇ ಹುಡುಗರನ್ನು ಕೇಳಬೇಕು.

ಪ್ರಾಧ್ಯಾಪಕ ಹುದ್ದೆಯೊಂದೇ ಗುರಿಯಾಗಬೇಕಿಲ್ಲ. ನಂಜನಗೂಡಿನ ಔಷಧ, ಆಹಾರ ಕಾರ್ಖಾನೆಗಳ ಪ್ರಯೋಗಾಲಯಗಳಿಗೆ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದಿದವರು ಬೇಕು. ನಿಮ್ಮ ಪಕ್ಕದಲ್ಲೇ ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂ ಇದೆ. ಬೀಜ, ನೇಗಿಲು, ಕೀಟ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಬರೆದರೆ ಕೃಷಿಕರ ಕೋಟಾದಲ್ಲಿ ಬಿ.ಎಸ್ಸಿ. ಅಗ್ರಿ ಸೀಟಿಗೆ ರೈತರ ಮಕ್ಕಳಿಗೆ ಅವಕಾಶ ಹೆಚ್ಚು. ಮನೆಯಲ್ಲಿ ಚಿಕ್ಕವರಿದ್ದರೆ ಗಮನದಲ್ಲಿರಲಿ. ಇಂಡಾಫ್ ರಾಗಿ ನಿಮಗೆ ಗೊತ್ತೇ ಇರುತ್ತದೆ. ಇಂಡಿಯಾದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ ಆ ಹೆಸರು ಬಂತು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಹಾಗಾಗಿ ಸಂಕರ ಮಾಡುವುದು ಬಲು ಕಷ್ಟ. ಅದನ್ನು ವಿ.ಸಿ. ಫಾರಂನಲ್ಲಿ ಕೂತು ಸಾಧಿಸಿದವರು ರಾಗಿ ಲಕ್ಷ್ಮಣಯ್ಯನವರು. ಅವರು ಮಾಡಿದ್ದು ಸಂಶೋಧನೆಯೇ.

ಪ್ರಶ್ನೆ: ಎರಡನೇ ವರ್ಷದ ಎಂಬಿಬಿಎಸ್. ಮನೆಯವರ ಇಷ್ಟಕ್ಕೆ ಸೇರಿದೆ. ವಾರ್ಡಿಗಿಂತ ಲ್ಯಾಬ್ ಇಷ್ಟ. ಬಿಟ್ಟುಬಿಡಲಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಿಡಬೇಡಿ. ಎಂಬಿಬಿಎಸ್‌ನಿಂದ ಸಂಶೋಧನೆಗೆ ದಾರಿ ಇದೆ, ಬಿಟ್ಟು ಮತ್ತೆ ಮೊದಲಿನಿಂದ ಬಿ.ಎಸ್ಸಿ. ಮಾಡುವುದಕ್ಕಿಂತ ಅದೇ ಹತ್ತಿರ. ಎಂಬಿಬಿಎಸ್ ಆದವರು ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ ಪತ್ರಿಕೆಯನ್ನೂ ಗೇಟ್ ಪರೀಕ್ಷೆಯನ್ನೂ ಬರೆಯಬಹುದು, ನೇರ ಪಿಎಚ್.ಡಿ.ಗೂ ಹೋಗಬಹುದು. ರೋಗಿಗಳ ಮೇಲಿನ ಸಂಶೋಧನೆಯಾದರೆ ಎಂಡಿ ಮುಗಿಸಿಯೇ ಹೋಗುವುದು ಮೇಲು. ಕೋಶ, ಜೀನ್, ಅಣುಗಳ ಕೆಲಸಕ್ಕೆ ಎಂಡಿ ಬೇಕಿಲ್ಲ. ಫಿಸಿಯಾಲಜಿ, ಫಾರ್ಮಕಾಲಜಿ, ಬಯೋಕೆಮಿಸ್ಟ್ರಿ ಎಂಡಿ ಸೀಟುಗಳಿಗೆ ರೇಡಿಯಾಲಜಿಯಷ್ಟು ಪೈಪೋಟಿಯೂ ಇಲ್ಲ.

ನಿಮಗೆ ಲ್ಯಾಬ್ ನಿಜಕ್ಕೂ ಹಿಡಿಸುತ್ತದೆಯೇ ಎಂದು ಪರೀಕ್ಷಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಇದೆ: ಎರಡು ತಿಂಗಳ ಕಿರು ಯೋಜನೆ, ನಿಮ್ಮ ಕಾಲೇಜಿನವರೇ ಗೈಡ್. ಇದರಲ್ಲಿ ಬಹುತೇಕರು ಮುಗ್ಗರಿಸುವುದು ವಿಷಯ ದೊಡ್ಡದಾಗಿ ಹಿಡಿದು. ‘ಮೈಸೂರಿನಲ್ಲಿ ಸಕ್ಕರೆ ಕಾಯಿಲೆ’ ಎಂದರೆ ಎರಡು ತಿಂಗಳಲ್ಲಿ ಏನೂ ಆಗದು. ‘ನಮ್ಮ ಹೊರರೋಗಿ ವಿಭಾಗಕ್ಕೆ ಬರುವ 100 ಮಂದಿಯಲ್ಲಿ ಇನ್ಸುಲಿನ್ ಸೂಜಿಯನ್ನು ಮರುಬಳಕೆ ಮಾಡುವವರೆಷ್ಟು, ಚುಚ್ಚಿದ ಜಾಗದಲ್ಲಿ ಗಂಟು ಎಷ್ಟು ಜನಕ್ಕಿದೆ’ ಎಂದರೆ ಮುಗಿಯುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ಆ ಸಮಿತಿ ವಾರವಾರ ಸೇರುವುದಿಲ್ಲ. ಅದರ ಸಭೆ ಯಾವಾಗ ಎಂದು ಮೊದಲು ತಿಳಿದುಕೊಂಡು ಆಮೇಲೆ ಉಳಿದದ್ದು. ಎಷ್ಟು ರೋಗಿಗಳು ಬೇಕು ಎಂಬುದನ್ನು ಸಮುದಾಯ ವೈದ್ಯಕೀಯ ವಿಭಾಗದ ಅಂಕಿಅಂಶ ಬಲ್ಲವರ ಹತ್ತಿರ ಕೂತು ಶುರುವಿನಲ್ಲೇ ಗೊತ್ತುಮಾಡಿಕೊಳ್ಳಿ. ಮಾಹಿತಿ ಎಲ್ಲ ಕಲೆಹಾಕಿದ ಮೇಲೆ ಹೋದರೆ ಅವರೇನೂ ಮಾಡಲಾರರು.

ವಾರ್ಡಿನ ಕಡತವೂ ಪ್ರಯೋಗಾಲಯವೇ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯ ರೋಗ ಹೆಚ್ಚು ಎಂದು ಕಂಡುಬಂತು. 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಅದು ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ತಕ್ಕಡಿ ಹಿಡಿದವರು ಅಸಡ್ಡೆಯಿಂದ ಬರೆದಿದ್ದರೆ ಆ ಅಧ್ಯಯನವೇ ಇರುತ್ತಿರಲಿಲ್ಲ.

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳಿಗೆ ಸಂಶೋಧನೆ ಎಂದರೇನು ಎಂದು ತೋರಿಸಬೇಕೆಂಬ ಆಸೆ. ಲ್ಯಾಬಿನಲ್ಲಿ ಸೌಕರ್ಯ ಕಡಿಮೆ. ಏನು ಮಾಡಬಹುದು?
— ಉಪನ್ಯಾಸಕರು, ಕೃಷ್ಣರಾಜಪೇಟೆ

ಉತ್ತರ: ರೆಕಾರ್ಡ್ ಬುಕ್ಕಿನ ಪ್ರಯೋಗಗಳ ದೋಷವೆಂದರೆ ಉತ್ತರ ಮೊದಲೇ ಗೊತ್ತಿರುತ್ತದೆ. ಮಕ್ಕಳು ರೀಡಿಂಗ್ ತಿದ್ದಿ ಬರೆಯುವುದು ಅದಕ್ಕೇ. ನಿಮಗೂ ಉತ್ತರ ಗೊತ್ತಿರದ ಒಂದು ಪ್ರಶ್ನೆ ಕೊಡಿ. ನಿಮ್ಮ ಸೀಮೆಯಲ್ಲಿ ಆಲೆಮನೆಗಳಿವೆ, ಬೆಲ್ಲದಿಂದಲೇ ಶುರುಮಾಡಿ.

ಬೇಕಾಗುವುದು: ಒಂದೇ ಅಳತೆಯ ಅರ್ಧ ಲೀಟರ್ ಖಾಲಿ ನೀರಿನ ಬಾಟಲಿ 15, ಅಷ್ಟೇ ಬಲೂನು, ಬೇಕರಿ ಸಾಮಾನಿನ ಅಂಗಡಿಯ ಒಣ ಯೀಸ್ಟ್, ತಕ್ಕಡಿ, ಥರ್ಮಾಮೀಟರ್, ದಾರ. ಪ್ರತಿ ಬಾಟಲಿಗೆ 37 ಡಿಗ್ರಿಯ 200 ಮಿ.ಲೀ. ನೀರು, 2 ಗ್ರಾಂ ಯೀಸ್ಟ್. ಬೆಲ್ಲ 5, 10, 20, 40, 80 ಗ್ರಾಂ, ಪ್ರತಿ ಪ್ರಮಾಣಕ್ಕೆ ಮೂರು ಬಾಟಲಿ. ಬಾಯಿಗೆ ಬಲೂನು ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ದಾರ ಸುತ್ತಿ ಬಲೂನಿನ ಸುತ್ತಳತೆ ಬರೆಯಿರಿ, ಒಂದೂವರೆ ಗಂಟೆ. ‘ಬೆಲ್ಲ ಜಾಸ್ತಿಯಾದಷ್ಟೂ ಗಾಳಿ ಜಾಸ್ತಿ’ ಎಂದು ಎಲ್ಲರೂ ಊಹಿಸಿರುತ್ತಾರೆ. 80 ಗ್ರಾಂನಲ್ಲಿ ಅದು ತಲೆಕೆಳಗಾಗುವ ಸಂಭವವೇ ಹೆಚ್ಚು, ಯಾಕೆಂದರೆ ಅಷ್ಟು ಗಾಢ ಪಾಕದಲ್ಲಿ ಯೀಸ್ಟ್ ಕೋಶದೊಳಗಿನ ನೀರೇ ಹೊರಗೆ ಸೆಳೆದುಹೋಗುತ್ತದೆ.

ಇಷ್ಟರವರೆಗೆ ನಿಮಗೆ ಗೊತ್ತಿರುವುದೇ. ಮುಂದಿನ ವಾರ ಆಲೆಮನೆಯ ಕಪ್ಪು ಬೆಲ್ಲ, ಅಂಗಡಿಯ ಹಳದಿ ಬೆಲ್ಲ ಎರಡನ್ನೂ 20 ಗ್ರಾಂನಂತೆ ಹಾಕಿ ಹೋಲಿಸಲಿ. ಬಣ್ಣ ಬರಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ್ದರೆ ಅದರ ಗಂಧಕದ ಅಂಶ ಯೀಸ್ಟನ್ನು ತಡೆಯುತ್ತದೆಯೇ? ಅಥವಾ ಕಪ್ಪು ಬೆಲ್ಲದ ತೇವ ಹೆಚ್ಚಿದ್ದು, 20 ಗ್ರಾಂನಲ್ಲಿ ಸಕ್ಕರೆಯೇ ಕಡಿಮೆ ಇದೆಯೇ? ಈ ಎರಡನೇ ಅನುಮಾನ ಯಾವ ಮಗುವಿಗೆ ತಾನಾಗಿ ಹೊಳೆಯುತ್ತದೋ ಅದರ ಮೇಲೆ ಒಂದು ಕಣ್ಣಿಡಿ. ಬಾಟಲಿ ಯಾವ ಬೆಲ್ಲದ್ದು ಎಂದು ಅಳೆಯುವವರಿಗೆ ಗೊತ್ತಾಗದಂತೆ ಬರೀ ನಂಬರು ಅಂಟಿಸಿ, ಪಟ್ಟಿ ನಿಮ್ಮ ಜೇಬಿನಲ್ಲಿರಲಿ. ಬಣ್ಣ ಕಂಡು ಹಿಡಿಯಬಾರದೆಂದರೆ ಬಾಟಲಿಗೆ ಪೇಪರ್ ಸುತ್ತಬೇಕು.

ಕೆಡುವುದು ಎಲ್ಲಿ ಎಂದೂ ಹೇಳಿಬಿಡುತ್ತೇವೆ. ಕೈಸುಡುವ ನೀರು ಹಾಕಿದರೆ ಯೀಸ್ಟ್ ಸತ್ತೇಹೋಗುತ್ತದೆ, 50 ಡಿಗ್ರಿ ಮೀರಬಾರದು. ಬೆಲ್ಲವನ್ನು ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಯೀಸ್ಟ್ ಹಾಕಬೇಕು. ಹೊಸ ಬಲೂನು ಬಿಗಿ ಇರುತ್ತದೆ, ಎಲ್ಲವನ್ನೂ ಒಂದೆರಡು ಸಲ ಊದಿ ಸಡಿಲ ಮಾಡಿಕೊಳ್ಳಿ. ಕತ್ತಿನ ಹತ್ತಿರ ಗಾಳಿ ಸೋರದಂತೆ ರಬ್ಬರ್ ಬ್ಯಾಂಡ್ ಹಾಕಿ. ಪೊಟ್ಟಣ ಒಡೆದು ಬಹಳ ದಿನವಾದ ಯೀಸ್ಟ್ ಸರಿಯಾಗಿ ಕೆಲಸ ಮಾಡದಿರಬಹುದು. ಬಲೂನಿನ ಬದಲು ಬಾಟಲಿಯ ಮುಚ್ಚಳ ಬಿಗಿಮಾಡಿ ಇಡಲು ಯಾರಿಗೂ ಬಿಡಬೇಡಿ, ಒತ್ತಡ ಏರಿ ಸಿಡಿಯುತ್ತದೆ. ಮುಗಿದ ಮೇಲೆ ಆ ನೀರನ್ನು ಗೊಬ್ಬರದ ಗುಂಡಿಗೆ ಸುರಿಸಿ. ಸಿಂಕಿಗೆ ಹಾಕಿದರೆ ಮಾರನೇ ದಿನ ಲ್ಯಾಬೆಲ್ಲ ಹೆಂಡದಂಗಡಿಯ ವಾಸನೆ.